ಓರಗಿತ್ತಿಯ ಸುರಂಗದ ನೀರು

ಪಾಲು ಮಾಡುವಾಗ ಸುರಂಗ ಭಾವನವರಿಗೆ ಹೋಯಿತು, ಕೆರೆ ನಮಗೆ ಬಂತು. ಅಂದಿನಿಂದ ನನಗೆ ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಟ್ಟುಕೊಂಡು ಬರೆಯುವುದಾದರೆ ಬರೆಯುವುದೇ ಬೇಡ. ನಾನು ಶಾಲೆಗೆ ಹೋದದ್ದು ಕಡಿಮೆ, ಅಕ್ಷರ ಕೂಡಿಸಿ ಕೂಡಿಸಿ ಬರೆಯುವವಳು. ಸುತ್ತು ಹಾಕಿ ಹೇಳಲಿಕ್ಕೆ ನನಗೆ ಬರುವುದೂ ಇಲ್ಲ.

ನಮ್ಮ ಬಂಟ್ವಾಳದ ಕಡೆ ಸುರಂಗ ಎಂದರೆ ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದ ದಾರಿ. ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗಬಹುದು. ಒಳಗೆ ಕಪ್ಪು ಕತ್ತಲೆ. ಮುರ ಎಂಬ ಕೆಂಪು ಕಲ್ಲಿನಿಂದ ಒಸರಿದ ನೀರು ತಾನಾಗಿಯೇ ಹರಿದು ಹೊರಗೆ ಬರುತ್ತದೆ. ಬಾವಿಯಂತೆ ಹಗ್ಗ ಎಳೆಯುವ ಕೆಲಸ ಇಲ್ಲ, ಪಂಪು ಬೇಡ. ಓರಗಿತ್ತಿ ಅಂಗಳದಲ್ಲಿ ನಿಂತು ಕೊಡ ಇಟ್ಟರೆ ಸಾಕು. ತಣ್ಣಗಿನ, ಕನ್ನಡಿಯಂಥ ನೀರು. ನನ್ನ ಕೆರೆ ಬಯಲಿನಲ್ಲಿ ಬಿಸಿಲಿಗೆ ಬಾಯಿ ತೆರೆದು ಮಲಗಿದ್ದು. ನೀರಿಗೆ ಎಲೆಯ ಬಣ್ಣ, ಮಧ್ಯಾಹ್ನ ಮುಟ್ಟಿದರೆ ಬೆಚ್ಚಗೆ, ಕಪ್ಪೆ ಬೇರೆ. ಕೊಳವೆಬಾವಿ ತೋಡಿಸಿ ನೋಡಿದೆವು, ಧೂಳು ಬಂತು.

ನನ್ನ ಗಂಡ ಇದ್ದಷ್ಟು ಕಾಲ ತೋಟದಿಂದ ಬಂದವರು ಮೊದಲು ಅಣ್ಣನ ಜಗಲಿಗೆ ಹೋಗಿ ಒಂದು ಚೆಂಬು ನೀರು ಕುಡಿದು, ಆಮೇಲೆ ಮನೆಗೆ ಬರುತ್ತಿದ್ದರು. ಬೇರೆ ಹೆಂಗಸಿನ ಮನೆಗೆ ಹೋದರೆ ಬೈಯಬಹುದು. ನೀರು ಕುಡಿಯಲು ಹೋದವರಿಗೆ ಏನೆಂದು ಬೈಯುವುದು? ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ನಮ್ಮಲ್ಲಿ ಕ್ರಮ. ಓರಗಿತ್ತಿಯ ಮನೆಯಲ್ಲಿ ಜನ ಬೆಲ್ಲವನ್ನು ತಟ್ಟೆಯಲ್ಲೇ ಬಿಟ್ಟು ಎರಡನೆಯ ಲೋಟ ನೀರು ಕೇಳುತ್ತಿದ್ದರು. ನನ್ನ ಮನೆಯಲ್ಲಿ ಬೆಲ್ಲ ತಿಂದು, ನೀರಿಗೆ ತುಟಿ ತಾಗಿಸಿ ಕೆಳಗಿಡುತ್ತಿದ್ದರು. ಬೇಸಗೆಯಲ್ಲಿ ಕೆರೆ ತಳ ಕಂಡಾಗ ಅವಳು ಬೇಲಿಯಾಚೆಯಿಂದ, ಬೇಕಾದರೆ ಒಂದೆರಡು ಕೊಡ ತೆಗೆದುಕೊಂಡು ಹೋಗು ಎನ್ನುತ್ತಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಳು. ಅದೇ ನನಗೆ ಹೆಚ್ಚು ಉರಿಯುತ್ತಿದ್ದದ್ದು.

ಆಮೇಲೆ ಗುಡ್ಡದ ತಲೆಯ ಮೇಲೆ ಸೋಡಾದ ಗ್ಯಾಸ್ ಮಾಡುವ ಕಾರ್ಖಾನೆ ಬಂತು. ಅಲ್ಲಿ ಉರುವಲು ಸುಟ್ಟು ಅದರ ಹೊಗೆಯನ್ನು ಒಂದು ಎತ್ತರದ ಉಕ್ಕಿನ ಕೊಳವೆಯೊಳಗೆ ಹತ್ತಿಸುತ್ತಾರೆ. ಮೇಲಿನಿಂದ ಔಷಧಿಯ ನೀರು ಸುರಿಯುತ್ತದೆ. ಆ ಔಷಧಿಗೆ ಅಮೈನ್ ಎಂದು ಹೆಸರು. ಅದು ಹೊಗೆಯೊಳಗಿನ ಗ್ಯಾಸನ್ನು ಹಿಡಿದುಕೊಳ್ಳುತ್ತದೆ, ಬಿಸಿ ಮಾಡಿದರೆ ಬಿಟ್ಟುಕೊಡುತ್ತದೆ. ಬಂದ ಗ್ಯಾಸು ಸೋಡಾ ಬಾಟಲಿಗೆ, ಮೀನು ಸಾಗಿಸುವ ಒಣ ಮಂಜುಗಡ್ಡೆಗೆ. ಹೊಗೆಯನ್ನು ಗಾಳಿಗೆ ಬಿಡದೆ ಹಿಡಿಯುವುದು ಭೂಮಿಗೆ ಒಳ್ಳೆಯದು ಎಂದು ಊರಿನವರನ್ನು ಕರೆದು ಭಾಷಣ ಮಾಡಿದರು, ಉಪ್ಪಿಟ್ಟು ಕೊಟ್ಟರು. ಗಾಳಿ ನಮ್ಮ ಕಡೆ ತಿರುಗಿದ ದಿನ ಹಳೆಯ ಮೀನಿನ ಬುಟ್ಟಿಯ ವಾಸನೆ ಬರುತ್ತಿತ್ತು. ಅದು ಬಿಟ್ಟರೆ ತೊಂದರೆ ಇರಲಿಲ್ಲ.

ಊರಿಗೆ ಉಪಕಾರ ಎಂದು ಕಾರ್ಖಾನೆಯವರು ಇಂಗುಗುಂಡಿಗಳನ್ನೂ ತೋಡಿಸಿದರು. ಅವರ ಅಂಗಳಕ್ಕೆ, ಮಾಡಿನ ತಗಡಿಗೆ ಬಿದ್ದ ಮಳೆನೀರು ಚರಂಡಿಯಲ್ಲಿ ಬಂದು ಗುಂಡಿಗಳಲ್ಲಿ ನಿಂತು ಗುಡ್ಡದೊಳಗೆ ಇಳಿಯಬೇಕು. ಗುಂಡಿಗಳೆಲ್ಲ ಓರಗಿತ್ತಿಯ ಸುರಂಗದ ನೆತ್ತಿಯ ಮೇಲೆಯೇ ಬಂದವು. ನಾನು ಮೇಲೆ ಹತ್ತಿ ಹೋಗಿ ಅಲ್ಲಿಯ ಸೂಪರ್‌ವೈಸರನ ಹತ್ತಿರ, ನಮ್ಮ ಕೆರೆಯ ಕಡೆಗೂ ಒಂದು ಚರಂಡಿ ತಿರುಗಿಸಿ ಕೊಡಿ ಎಂದು ಕೇಳಿದೆ.

"ನೀರು ಇಳಿಜಾರು ಇದ್ದಲ್ಲಿಗೆ ಹೋಗ್ತದೆ ಅಮ್ಮ. ನಾನು ಹೇಳಿದರೆ ಕೇಳುವುದಿಲ್ಲ" ಎಂದ.

"ಹಾಗಾದರೆ ಇಳಿಜಾರು ಕೂಡ ಅವಳ ಪಾಲಿಗೇ ಬಿದ್ದದ್ದು" ಎಂದು ಹೇಳಿ ಇಳಿದು ಬಂದೆ.

ಮುಂದಿನ ಬೇಸಗೆಯಲ್ಲಿ ಸುರಂಗದ ನೀರು ಹೆಚ್ಚಾಗಿ ಹೆಬ್ಬೆರಳಿನಷ್ಟು ದಪ್ಪಕ್ಕೆ ಸುರಿಯಿತು. ನಾನು ಆ ಕಡೆಯ ಕಿಟಕಿಯನ್ನೇ ಮುಚ್ಚಿದೆ.

ಮೂಡುಬಿದಿರೆಯ ಕಾಲೇಜಿನಲ್ಲಿ ಸಂಶೋಧನೆ ಮಾಡುವ ಒಂದು ಹುಡುಗಿ ನಮ್ಮಲ್ಲಿಗೆ ಬರತೊಡಗಿದ್ದು ಅದಾದ ಮೇಲೆ. ಕಾರ್ಖಾನೆಯ ಹತ್ತಿರದ ನೀರನ್ನು ಪರೀಕ್ಷೆ ಮಾಡುವವಳು. ಕಂದು ಬಣ್ಣದ ಬಾಟಲಿ ತರುತ್ತಿದ್ದಳು. ಸುರಂಗದ ಬಾಯಿಯಲ್ಲಿ ತುಂಬಿಸಿ, ಬೆಳಕು ತಾಗದ ಹಾಗೆ ಸುತ್ತಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕೊಂಡುಹೋಗುತ್ತಿದ್ದಳು. ಓರಗಿತ್ತಿಯ ನೀರಿಗೆ ಈಗ ಪೆಟ್ಟಿಗೆ, ಮರ್ಯಾದೆ, ಬಸ್ಸು ಪ್ರಯಾಣ. ನಾನು ಹುಡುಗಿಯನ್ನು ದಾರಿಯಲ್ಲಿ ನಿಲ್ಲಿಸಿದೆ. ನನ್ನ ಕೆರೆಯಲ್ಲಿ ಇರುವುದೂ ನೀರೇ ಮಗಾ, ಅದನ್ನೂ ತುಂಬಿಸು ಎಂದೆ. ಅವಳು ನಕ್ಕು ತುಂಬಿಸಿದಳು. ಮತ್ತೆ ಪ್ರತಿ ಸಲ ಎರಡೂ ಕಡೆಯಿಂದ ತುಂಬಿಸತೊಡಗಿದಳು.

ಒಂದು ದಿನ ಅವಳು ಬಾಟಲಿ ಇಲ್ಲದೆ ಬಂದಳು. ನಾನು ಬೇಲಿ ದಾಟಿ ಹೋಗಿ ಅವರ ಜಗಲಿಯ ಕೊನೆಯಲ್ಲಿ ಕುಳಿತೆ. ಓರಗಿತ್ತಿ ಬೆಲ್ಲ, ನೀರು ತಂದಿಟ್ಟಳು. ಹುಡುಗಿ ಬೆಲ್ಲ ತಿಂದಳು. ನೀರು ಮುಟ್ಟಲಿಲ್ಲ. ಆ ಮನೆಯಲ್ಲಿ ಹಾಗೆ ಮಾಡಿದವರನ್ನು ನಾನು ಮೊದಲ ಸಲ ಕಂಡದ್ದು. ಓರಗಿತ್ತಿ ಲೋಟವನ್ನೇ ನೋಡುತ್ತಿದ್ದಳು. ಹುಡುಗಿ ಬಾಯಿ ಬಿಡುವ ಮೊದಲೇ ಅವಳಿಗೆ ಅರ್ಧ ಗೊತ್ತಾಗಿತ್ತು.

ಹುಡುಗಿ ಹೇಳಿದ್ದು ನನಗೆ ಅರ್ಥವಾದಷ್ಟು ಹೀಗೆ. ಆ ಔಷಧಿ ಬಿಸಿಗೆ, ಹೊಗೆಗೆ ಸಿಕ್ಕಿ ಸಿಕ್ಕಿ ಹಾಳಾಗುತ್ತದೆ. ಹೊಗೆಯೊಳಗಿನ ಬೇರೆ ಕೆಟ್ಟದ್ದರ ಜೊತೆ ಸೇರಿ ಹೊಸ ವಿಷ ಹುಟ್ಟುತ್ತದೆ. ಕೊಳವೆಯ ಬಾಯಿಯಿಂದ ಮಂಜಿನಂತೆ ಸ್ವಲ್ಪ ಹೊರಗೆ ಹಾರಿ ಅಂಗಳಕ್ಕೆ ಬೀಳುತ್ತದೆ, ಮಳೆ ಅದನ್ನು ತೊಳೆದು ಚರಂಡಿಗೆ ತರುತ್ತದೆ. ಬರೀ ಔಷಧಿಯಾದರೆ ಮಣ್ಣಿನ ಹುಳಹುಪ್ಪಟೆಗಿಂತ ಸಣ್ಣ ಜೀವಿಗಳು ತಿಂದು ಮುಗಿಸುತ್ತವೆ. ಈ ವಿಷವನ್ನು ಅವು ಬೇಗ ತಿನ್ನುವುದಿಲ್ಲ. ಅದರಲ್ಲಿ ಒಂದು ಜಾತಿ ಬಿಸಿಲು ಬಿದ್ದರೆ ಒಡೆದುಹೋಗುತ್ತದೆ. ಕತ್ತಲೆಯಲ್ಲಿ ಹಾಗೇ ಉಳಿಯುತ್ತದೆ. ಇನ್ನೊಂದು ಜಾತಿ ಬಿಸಿಲಿಗೂ ಜಗ್ಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಕ್ಯಾನ್ಸರ್ ಬರುವ ಭಯ ಉಂಟು. ಸುರಂಗದ ನೀರಿನಲ್ಲಿ ಆ ವಿಷ ಸಿಕ್ಕಿದೆ. ಕೆರೆಗೆ ಆ ಚರಂಡಿ ಬರುವುದಿಲ್ಲ. ಗಾಳಿಯಲ್ಲಿ ಬಂದು ಬಿದ್ದದ್ದನ್ನೂ ಬಿಸಿಲು ಹೆಚ್ಚು ಉಳಿಸಿಲ್ಲ.

ಬಿಸಿಲು. ನನ್ನ ನೀರು ಬೆಚ್ಚಗೆ ಎಂದು ಇಷ್ಟು ವರ್ಷ ಮೂಗು ಮುರಿದರಲ್ಲ, ಆ ಬಿಸಿಲು. ನನಗೆ ಒಳಗಿಂದೊಳಗೆ ಸಂತೋಷವಾಯಿತು. ಆದರೆ ಒಳಗಿನ ಬಾಗಿಲಿನಲ್ಲಿ ಓರಗಿತ್ತಿಯ ಸೊಸೆ ನಿಂತಿದ್ದಳು, ಬಸುರಿ. ಅವಳು ದಿನವೂ ಕುಡಿಯುತ್ತಿದ್ದದ್ದು ಅದೇ ನೀರು. ಸಂತೋಷವನ್ನು ಎಲ್ಲಿಡುವುದೆಂದು ನನಗೆ ಗೊತ್ತಾಗಲಿಲ್ಲ.

"ಕುದಿಸಿ ಕುಡಿಯುವ" ಎಂದಳು ಓರಗಿತ್ತಿ.

"ಕುದಿಸಿದರೆ ಹೋಗುವುದಿಲ್ಲ ಅಮ್ಮ."

"ಈ ಸುರಂಗ ನಮ್ಮ ಮಾವ ತೋಡಿಸಿದ್ದು. ನೀನು ಹುಟ್ಟುವ ಮೊದಲೇ ಊರು ಇದರ ನೀರು ಕುಡಿದಿದೆ" ಎಂದು ಹೇಳಿ ಹುಡುಗಿ ಬಿಟ್ಟ ಲೋಟವನ್ನು ಎತ್ತಿ ತಾನೇ ಕುಡಿದುಬಿಟ್ಟಳು.

ಹುಡುಗಿ ಹೋದ ಮೇಲೆ ನಾನು ಸೊಸೆಗೆ ನನ್ನ ಕೆರೆಯಿಂದ ಕೊಂಡುಹೋಗಲು ಹೇಳಿದೆ, ಕಪ್ಪೆಗೆ ಹೆದರುವುದಾದರೆ ಸೋಸಿ ಕುದಿಸಿಕೋ ಎಂದೆ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ, ಕಪ್ಪೆ ನೀರು ಈ ಅಡುಗೆಮನೆಗೆ ಬರುವುದು ಬೇಡ ಎಂದಳು. ನಾನು ಎದ್ದು ಬಂದೆ. ನಿನ್ನ ಮೊಮ್ಮಗು, ನಿನ್ನ ಹಟ ಎಂದು ಬೇಲಿಯ ಹತ್ತಿರ ನಿಂತು ಜೋರಾಗಿಯೇ ಹೇಳಿದೆ.

ಸೊಸೆ ಕುಡಿಯುವ ನೀರಿನ ವಿಷಯದಲ್ಲಿ ಆ ಮನೆಯಲ್ಲಿ ಎಷ್ಟು ಜಗಳವಾಯಿತೋ ನನಗೆ ಗೊತ್ತಿಲ್ಲ. ಹುಡುಗಿ ಪರೀಕ್ಷೆಯ ಕಾಗದ ತಂದು ಕಾರ್ಖಾನೆಗೆ ಕೊಟ್ಟ ಮೇಲೆ ಅವರು ಚರಂಡಿಯನ್ನು ಒಂದು ಸಿಮೆಂಟು ತೊಟ್ಟಿಗೆ ತಿರುಗಿಸಿದರು. ತೊಟ್ಟಿ ತುಂಬಿದರೆ ಎಲ್ಲಿಗೆ ಎಂದು ಕೇಳಿದೆ. ಲಾರಿಯಲ್ಲಿ ಹೋಗುತ್ತದೆ ಎಂದರು. ಲಾರಿ ಎಲ್ಲಿಗೆ ಎಂದರೆ ಯಾರೂ ಹೇಳಲಿಲ್ಲ. ಗುಡ್ಡದೊಳಗೆ ಆಗಲೇ ಇಳಿದದ್ದು ಯಾವಾಗ ತೊಳೆದುಹೋಗುತ್ತದೆ ಎಂದು ಹುಡುಗಿಗೂ ಗೊತ್ತಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಬೀಳದಿದ್ದರೆ ನಿಮ್ಮ ಕೆರೆಯನ್ನೂ ಪೂರ್ತಿ ನಂಬಬೇಡಿ ಎಂದು ಅವಳು ನನಗೂ ಒಂದು ಚಿಂತೆ ಇಟ್ಟು ಹೋದಳು.

ಸೊಸೆಯ ಸೀಮಂತದ ಹಿಂದಿನ ದಿನ ಓರಗಿತ್ತಿ ಕೊಡ ಹಿಡಿದುಕೊಂಡು ನನ್ನ ಕೆರೆಯ ಕಟ್ಟೆಗೆ ಬಂದಳು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ಆ ಮೆಟ್ಟಿಲು ಇಳಿದದ್ದನ್ನು ನೋಡಿರಲಿಲ್ಲ.

"ಮಗ ಹೇಳಿದ, ಈ ನೀರು ತರದಿದ್ದರೆ ಹೆಂಡತಿಯನ್ನು ಪೊಳಲಿಗೆ ಕಳಿಸ್ತೇನೆ ಅಂತ" ಎಂದಳು. ಪೊಳಲಿ ಸೊಸೆಯ ತವರು.

"ತಗೊಳ್ಳಿ ಅಕ್ಕ. ಕೆರೆಗೆ ಬೀಗ ಹಾಕಿಲ್ಲ" ಎಂದೆ.

"ನಾಳೆ ಬಂದವರ ಹತ್ತಿರ ಹೇಳುದು ಬೇಡ."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನೀರನ್ನು ಅವಳೇ ಸೋಸಿ, ಕುದಿಸಿ, ಲಾವಂಚದ ಬೇರು ಹಾಕಿ, ಮಣ್ಣಿನ ಹಂಡೆಯಲ್ಲಿ ರಾತ್ರಿಯಿಡೀ ತಣಿಯಲು ಇಟ್ಟಳಂತೆ. ಆ ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ, ಅದನ್ನೂ ಹೇಳಬೇಕು.

ಮರುದಿನ ಜಗಲಿ ತುಂಬ ಜನ. ಸೊಸೆಯ ತಾಯಿ ಬೆಲ್ಲ ಬಾಯಿಗೆ ಹಾಕಿ, ಒಂದು ಗುಟುಕು ಕುಡಿದು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಏನೇ ಹೇಳಿ, ನಿಮ್ಮ ಸುರಂಗದ ನೀರಿನ ರುಚಿ ಎಲ್ಲಿಯೂ ಇಲ್ಲ."

ನನ್ನಿಂದ ತಡೆಯಲು ಆಗಲಿಲ್ಲ. "ಅದು ನನ್ನ ಕೆರೆಯ ನೀರು" ಎಂದೆ.

ಎಲ್ಲರೂ ನಕ್ಕರು. "ನಿಮಗೆ ಇನ್ನೂ ಆ ಹೊಟ್ಟೆಕಿಚ್ಚು ಹೋಗಲಿಲ್ಲವಾ ಮಾರಾಯ್ರೆ" ಎಂದಳು ಸೊಸೆಯ ತಾಯಿ. ಊರಿಗೆಲ್ಲ ಗೊತ್ತಿದ್ದ ವಿಷಯ, ಯಾರು ನಂಬುತ್ತಾರೆ? ಓರಗಿತ್ತಿ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಅವಳು ಹೇಳಿದ್ದು ಸರಿ. ಸುರಂಗದ ನೀರು ಈಗ ಕುಡಿಯಲಿಕ್ಕಾಗುವುದಿಲ್ಲ" ಎಂದಳು.

ಸೊಸೆಯ ತಾಯಿ ಲೋಟದೊಳಗೆ ನೋಡಿದಳು. ಮತ್ತೆ ಮೆಲ್ಲನೆ ಕೆಳಗಿಟ್ಟಳು. ಅಷ್ಟು ಹೊಗಳಿದ ನೀರು, ನನ್ನದೆಂದು ಗೊತ್ತಾದ ಕೂಡಲೇ ಗಂಟಲಿನಲ್ಲಿ ಇಳಿಯಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಇಟ್ಟರು. ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕುಳಿತಿದ್ದ ಬಸುರಿ ಮಾತ್ರ ತನ್ನ ಲೋಟ ಖಾಲಿ ಮಾಡಿ ಮತ್ತೆ ಚಾಚಿದಳು.

ನಾನು ಏಳುವಷ್ಟರಲ್ಲಿ ಓರಗಿತ್ತಿ ಹಂಡೆಯ ಹತ್ತಿರ ಹೋಗಿ ಬಗ್ಗಿಸಿ ತಂದು ಕೊಟ್ಟಳು. ಸೊಸೆ ಅವಳ ಮುಖ ನೋಡಿ ನಕ್ಕು ಕುಡಿದಳು. ನೀರು ನನ್ನದು, ನಗು ಸಿಕ್ಕಿದ್ದು ಅವಳಿಗೆ. ನಾನು ಊಟಕ್ಕೆ ಎಲೆ ಹಾಕಲು ಹಿಂದಿನ ಅಂಗಳಕ್ಕೆ ಹೋದೆ.