ಹಗ್ಗ ಕಟ್ಟಿದ ಕಲ್ಲು

ಬೂಟಿನ ಪಾಲಿಶ್ ಹುಡುಕುತ್ತ ಕಪಾಟಿನ ಕೆಳಗೆ ಕೈ ಹಾಕಿದರೆ ಕಲ್ಲು ಸಿಕ್ಕಿತು. ತೆಂಗಿನಕಾಯಿಯಷ್ಟು ದಪ್ಪ, ಸುತ್ತ ಕಪ್ಪು ಹಗ್ಗ. ಹಗ್ಗದಲ್ಲಿ ಇನ್ನೂ ಡೀಸೆಲ್ ವಾಸನೆ ಇತ್ತು. ಗಲ್ಫಿನ ಮೆಸಯೀದ್‌ನ ಈ ಕಂಪನಿ ಕ್ವಾರ್ಟರ್ಸಿನಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದ ಕಾಕಾ ಕಟ್ಟಿದ್ದು ಅದು.

ಬಾಗಲಕೋಟೆ ಕಡೆಯವರು, ಪ್ಲಾಂಟಿನಲ್ಲಿ ಹಿರಿಯ ಟೆಕ್ನಿಷಿಯನ್. ನನಗೋ ಕೂತಲ್ಲಿ ಕೂರಲಾಗದ ಸ್ವಭಾವ. ಅವರದು ಬೇರೆಯೇ ಚಡಪಡಿಕೆ. ಊರಿಗೆ ಹೋಗಬೇಕು, ಖಾಯಂ ಆಗಿ ಹೋಗಬೇಕು. ಕಾಂಟ್ರಾಕ್ಟ್ ಮುಗಿಯುವಾಗಲೆಲ್ಲ ಅದೇ ಮಾತು. ಆದರೂ ಪ್ರತಿ ಸಲ ಸಹಿ ಹಾಕಿಯೇ ಬರುತ್ತಿದ್ದರು.

ಒಮ್ಮೆ ಕಂಪನಿ ನಮ್ಮಿಬ್ಬರನ್ನು ತರಬೇತಿಗೆಂದು ಜಪಾನಿಗೆ ಕಳಿಸಿತು. ರಜೆಯ ದಿನ ಒಂದು ಹಳೆಯ ಸಮುರಾಯಿ ಮನೆ ನೋಡಲು ಹೋದೆವು. ಕತ್ತಿ ಹಿಡಿದು ಬದುಕಿದವರ ಮನೆ ಕೋಟೆಯ ಹಾಗಿರುತ್ತದೆ ಅಂದುಕೊಂಡಿದ್ದೆ. ಕಂಡದ್ದು ತಗ್ಗು ಬಾಗಿಲು, ಮರದ ಪಡಸಾಲೆ, ಮುಂದೆ ಪಾಚಿ, ಕಲ್ಲು, ಪುಟ್ಟ ಕೊಳ. ಎಲ್ಲರೂ ಸುಮ್ಮನೆ ಕೂತು ತೋಟ ನೋಡುತ್ತಿದ್ದರು. ಎಷ್ಟು ಹೊತ್ತು ಅಂತ ನೋಡುವುದು... ನಾನು ಎದ್ದು ಎದ್ದು ಬೂಟು ಹುಡುಕಿದೆ.

ತೋಟದ ಹಾದಿಯ ನಡುವೆ ಹಗ್ಗ ಸುತ್ತಿದ ಕಲ್ಲೊಂದಿತ್ತು. ಕಾಕಾ ಅದರ ಮುಂದೆ ಬಗ್ಗಿ ಕೈಮುಗಿದರು.

"ಯಾವ ದೇವರು ಮಾರಾಯ್ರೆ ಇದು?" ಎಂದೆ.

"ಯಾವ್ದಾರ ಇರ್ಲಿ ತಮ್ಮಾ. ಹಗ್ಗ ಕಟ್ಯಾರ ಅಂದ್ರ ಭಕ್ತೀಲೆ ನಡ್ಕೋತಾರ."

ಮನೆ ತೋರಿಸುತ್ತಿದ್ದ ಹೆಂಗಸು ನಕ್ಕು, ಅದು ದೇವರಲ್ಲ, ಇಲ್ಲಿಂದ ಮುಂದೆ ಹೋಗಬಾರದೆಂಬ ಗುರುತು ಅಂದರು. ಬೋರ್ಡಿಲ್ಲ, ಸರಪಳಿಯಿಲ್ಲ, ದಾಟಿದರೆ ತಡೆಯುವವರೂ ಇಲ್ಲ. ಕಾಕಾ ನಗಲಿಲ್ಲ, ಅಲ್ಲೇ ನಿಂತುಬಿಟ್ಟರು. ಬಸ್ಸಿಗೆ ಹೊತ್ತಾಯಿತು, ಯಲ್ಲಾ ಯಲ್ಲಾ, ನಡೀರಿ ಎಂದು ನಾನೇ ತೋಳು ಹಿಡಿದೆಳೆದೆ.

ವಾಪಸ್ ಬಂದವರೇ ಕಾಕಾ ಹಡಗು ನಿಲ್ಲುವ ಜೆಟ್ಟಿಯಿಂದ ಹಳೇ ಹಗ್ಗ ತಂದು ಈ ಕಲ್ಲಿಗೆ ಸುತ್ತಿ ತಮ್ಮ ಹೊಸ್ತಿಲ ಮೇಲಿಟ್ಟರು. "ಇನ್ನ ಖಲಾಸ್. ಈ ಕಾಂಟ್ರಾಕ್ಟ್ ದಾಟಂಗಿಲ್ಲ ನಾ." ನಾವೆಲ್ಲ ಛೇಡಿಸಿದೆವು. ಅಷ್ಟರಲ್ಲಿ ಅವರ ಮಗಳ ಮದುವೆ ಗೊತ್ತಾಯಿತು. ಒಂದು ಬೆಳಿಗ್ಗೆ ಕಾಕಾ ಕಲ್ಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟು ಆಫೀಸಿಗೆ ಹೋಗಿ ಸಹಿ ಹಾಕಿದರು. ಸಂಜೆ ಬಂದು ಮತ್ತೆ ಅಲ್ಲೇ ಇಟ್ಟರು.

ಅದೇ ಚಳಿಗಾಲ ಡ್ಯೂಟಿ ಮುಗಿಸಿ ಬಂದು ಮಲಗಿದವರು ಏಳಲಿಲ್ಲ. ಊರಿಗೆ ಖಾಯಂ ಆಗಿ ಹೋದರು, ಪೆಟ್ಟಿಗೆಯಲ್ಲಿ. ಕೋಣೆ ಖಾಲಿ ಮಾಡಲು ಬಂದವರು ಕಲ್ಲನ್ನು ಕಸಕ್ಕೆ ಹಾಕುತ್ತಿದ್ದರು. ಕಸಿದು ತಂದು ಇಟ್ಟುಕೊಂಡಿದ್ದೆ.

ಇವತ್ತು ನಾನು ಕಾಂಟ್ರಾಕ್ಟಿಗೆ ಸಹಿ ಹಾಕುವ ದಿನ. ಕಲ್ಲನ್ನು ಒರೆಸಿ ನನ್ನ ಹೊಸ್ತಿಲ ಮೇಲಿಟ್ಟು ನೋಡಿದೆ. ಹೊರಗೆ ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅದು ದೇವರಲ್ಲವೆಂದು ಗೊತ್ತಿದ್ದೂ ಕೈಮುಗಿದೆ. ದಾಟಿ ಹೋದೆ.