ವರ್ಲಿನ್‌ನ ಗುಟ್ಟಿನ ಕೊಲ್ಲಿ

ಆಗಸ್ಟ್ ಮುಗಿಯುವ ಹೊತ್ತಿಗೆ ನೆವಾಡಾದ ಆ ಮರುಭೂಮಿ ಕೆರೆಯಲ್ಲಿ ಮೀನು ಬಿಸಿನೀರಿಗೆ ಬೇಸತ್ತು ಆಳಕ್ಕೆ ಇಳಿದುಬಿಡುತ್ತದೆ. ಬೆಳಕು ಹರಿಯುವಾಗ ಮಾತ್ರ ಪಟ್ಟೆಮೀನಿನ ಹಿಂಡು ಸಣ್ಣ ಮೀನುಗಳನ್ನು ಅಟ್ಟಿಕೊಂಡು ಮೇಲೆ ಬಂದು ನೀರನ್ನು ಕುದಿಯುವಂತೆ ಕಲಕುತ್ತದೆ. ಆ ಕುದಿತ ಎಲ್ಲಿ ಏಳುತ್ತದೆಂದು ಯಾರೂ ಯಾರಿಗೂ ನಿಜ ಹೇಳುವುದಿಲ್ಲ. ದೋಣಿಕಟ್ಟೆಯ ಸಭ್ಯತೆಯೇ ಅದು.

ಈ ಸಭ್ಯತೆಯಲ್ಲಿ ವರ್ಲಿನ್ ಸ್ಟಕಿಯನ್ನು ಮೀರಿಸಿದವರಿಲ್ಲ. ಊರಿನ ಮನೆಗಳ ಕೂಲರ್ ರಿಪೇರಿ ಮಾಡಿ ನಿವೃತ್ತನಾದ ಈ ಮಹಾನುಭಾವನಿಗೆ ಕೆರೆಯ ದಕ್ಷಿಣದಲ್ಲಿ, ಬಂಡೆಗಳ ಮರೆಯಲ್ಲಿ, ಒಂದು ಕೊಲ್ಲಿ ಸಿಕ್ಕಿತ್ತು; ಪ್ರತಿ ಬುಧವಾರ ಅಲ್ಲಿಗೆ ಹೋಗುತ್ತಿದ್ದ. ಅದು ತನ್ನೊಬ್ಬನಿಗೇ ಗೊತ್ತೆಂಬುದೇ ಅವನ ಬಾಳಿನ ದೊಡ್ಡ ಆಸ್ತಿ. ಯಾರು ಕೇಳಿದರೂ ಉತ್ತರಕ್ಕೆ ಕೈ ತೋರಿಸುತ್ತಿದ್ದ. ಹೆಂಡತಿ ಆರ್ಲೀನ್‌ಗೂ ಅದೇ ದಿಕ್ಕು. ನಾಳೆ ಏನಾದರೂ ಆದರೆ ತನ್ನನ್ನು ಎಲ್ಲಿ ಹುಡುಕುತ್ತಾರೆ ಎಂಬ ಸಣ್ಣ ಯೋಚನೆ ಅಷ್ಟು ದೊಡ್ಡ ತಲೆಗೆ ಹೊಳೆಯುವುದಾದರೂ ಹೇಗೆ?

ಆ ಬುಧವಾರ ಬೆಳಿಗ್ಗೆ ಕೊಲ್ಲಿಯ ನಡುವೆ ಇಂಜಿನ್ ಕೈಕೊಟ್ಟಿತು. ಫೋನಿಗೆ ಸಿಗ್ನಲ್ ಇಲ್ಲ. ಅಷ್ಟರಲ್ಲಿ ಸುತ್ತಲೂ ಮೀನೆದ್ದು ನೀರು ಕುದಿಯತೊಡಗಿತು. ಅದೇ ಹೊತ್ತಿಗೆ ಕೊಲ್ಲಿಯ ಬಾಯಿಯಲ್ಲಿ ಕಟ್ಟೆಯ ಗೆಳೆಯ ಡ್ವೇನ್‌ನ ದೋಣಿ ಹಾದುಹೋಗುತ್ತಿತ್ತು. ವರ್ಲಿನ್‌ನ ಕೊರಳಲ್ಲಿ ಸೀಟಿ ಇತ್ತು. ಒಮ್ಮೆ ಊದಿದ್ದರೆ ಸಾಕಿತ್ತು. ಅವನು ದೋಣಿಯನ್ನು ನೋಡಿದ, ಮೀನನ್ನು ನೋಡಿದ, ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟು ಟೋಪಿಯೂ ಕಾಣದಂತೆ ಮುದುರಿ ಕುಳಿತ. ಗುಟ್ಟು ಉಳಿಯಿತು, ದೋಣಿ ಹೋಯಿತು.

ಬಿಸಿಲೇರಿದಂತೆ ಮೀನು ಮುಳುಗಿತು, ಉಳಿದ ದೋಣಿಗಳೂ ಮನೆ ಸೇರಿದವು. ಮಧ್ಯಾಹ್ನದ ಹೊತ್ತಿಗೆ ದೋಣಿಯ ಅಂಚು ಮುಟ್ಟಿದರೆ ಕೈ ಸುಡುತ್ತಿತ್ತು. ಅಂಗಿಯನ್ನು ನೆನೆಸಿ ತಲೆಗೆ ಸುತ್ತಿಕೊಂಡು ಈಗ ಸೀಟಿ ಊದಿದ, ಬಾಯಿ ಒಣಗುವವರೆಗೆ ಊದಿದ. ತನ್ನ ಹೆಣಕ್ಕೂ ಸುಳ್ಳು ವಿಳಾಸ ಕೊಟ್ಟು ಬಂದಿದ್ದೇನೆಂದು ಹೊಳೆದಾಗ ನಿಜಕ್ಕೂ ಹೆದರಿದ. ಕಣ್ಣು ಕತ್ತಲಿಡುತ್ತಿತ್ತು.

ಹೊತ್ತು ಇಳಿಯುವಾಗ ದೋಣಿಯೊಂದು ನೇರವಾಗಿ ಕೊಲ್ಲಿಯೊಳಕ್ಕೆ ನುಗ್ಗಿತು. ನಡೆಸುತ್ತಿದ್ದವನು ಡ್ವೇನ್, ಮುಂದೆ ಐಸ್ ನೀರು ಹಿಡಿದು ಕುಳಿತವಳು ಆರ್ಲೀನ್. ಅರ್ಧ ಬಾಟಲಿ ಕುಡಿದ ಮೇಲೆ ವರ್ಲಿನ್‌ಗೆ ಮಾತು ಬಂತು.

"ಉತ್ತರದ ಕಡೆ ಹುಡುಕ್ಲಿಲ್ವಾ?"

"ಯಾಕೆ ಹುಡುಕ್ಬೇಕೋ? ಈ ಜಾಗ ಕಟ್ಟೇಲಿ ಯಾರಿಗೆ ಗೊತ್ತಿಲ್ಲ ಹೇಳು. ಬೇರೆ ದಿನ ನಾವು ಬರ್ತೀವಿ. ಬುಧವಾರ ಮಾತ್ರ ನಿನಗೆ ಬಿಟ್ಟಿದ್ದೀವಿ" ಎಂದ ಡ್ವೇನ್.

ವರ್ಲಿನ್ ಹೆಂಡತಿಯ ಕಡೆ ತಿರುಗಿದ. ಅವಳು ಒದ್ದೆ ಟವೆಲನ್ನು ಅವನ ಕತ್ತಿಗೆ ಒತ್ತುತ್ತ ಮೆಲ್ಲಗೆ ಹೇಳಿದಳು: "ಬೆಳಿಗ್ಗೆ ನೀನು ಬಗ್ಗಿ ಕೂತಿದ್ದನ್ನ ಇವನು ನೋಡಿದ್ನಂತೆ. ಪಾಪ, ಬಚ್ಚಿಟ್ಕೊಂಡು ಖುಷಿಯಾಗಿದ್ದಾನೆ, ಕೆಡಿಸೋದು ಬೇಡ ಅಂತ ಸುಮ್ನೆ ಹೋದ್ನಂತೆ."

ಸಾವಿನ ಭಯಕ್ಕೆ ಬಾರದ ಕಣ್ಣೀರು ವರ್ಲಿನ್‌ಗೆ ಆಗ ಬಂತು.