ಕಿಸೆ ಪಿಸ್ತೂಲಿನ ಹಳೇ ತಿರುಪು

ಸಾವಿರದ ಒಂಬೈನೂರ ತೊಂಬತ್ತೈದರಲ್ಲಿ, ಎಂಟನೇ ಇಯತ್ತೆಗೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟಿದ್ದು. ಆಮೇಲೆ ಕಲಿತದ್ದೆಲ್ಲ ಕಬ್ಬಿಣದ ಹತ್ತಿರ. ಹೊನ್ನಾವರದಲ್ಲಿ ಸ್ವಂತ ಲೇತ್ ಹಾಕಿದ ಮೇಲೆ, ಬೋಟಿನ ಎಂಜಿನ್ನಿನದು ಯಾವ ತುಂಡು ಮುರಿದು ತಂದರೂ ಆಗುವುದಿಲ್ಲವೆಂದು ವಾಪಸು ಕಳಿಸಿದವನಲ್ಲ. ಅಂಥ ನನಗೆ 'ಬೇಡ' ಎಂದ ಮನುಷ್ಯ ಒಬ್ಬರೇ, ಕುಮಟೆಯ ವೆಂಕಟರಮಣ ಆಚಾರಿಯವರು.

ಆಚಾರಿಯವರು ಒಂದರ ಮೇಲೊಂದು ಎರಡು ಕನ್ನಡಕ ಹಾಕುತ್ತಿದ್ದರು. ಒಂದು ದೂರದ್ದು, ಒಂದು ಹತ್ತಿರದ್ದು. ಎರಡೂ ಸೇರಿದರೆ ಮಾತ್ರ ಸರಿಯಾಗಿ ಕಾಣುತ್ತದೆ ಎನ್ನುತ್ತಿದ್ದರು. ಅವರದು ಲೈಸೆನ್ಸ್ ಇದ್ದ ಕೋವಿ ರಿಪೇರಿ ಅಂಗಡಿ, ಬಿಡುವಾದಾಗೆಲ್ಲ ನಾನು ಹೋಗಿ ಕೂರುತ್ತಿದ್ದುದು ಅಲ್ಲೇ. ಭಟ್ಕಳದಿಂದ ಕುಮಟೆಯವರೆಗೆ ಎಲ್ಲರಿಗೂ ಅವರೇ ಬೇಕು. ಚುನಾವಣೆ ಬಂತೆಂದರೆ ಬೆಳೆ ಕಾಯುವವರ ಕೋವಿಗಳೆಲ್ಲ ಪೊಲೀಸ್ ಠಾಣೆ ಸೇರಬೇಕಲ್ಲ, ಮುಗಿದ ಮೇಲೆ ಬಿಡಿಸಿಕೊಂಡವರು ಸೀದಾ ಮನೆಗೆ ಹೋಗುತ್ತಿರಲಿಲ್ಲ. ಆಚಾರಿಯವರ ಬೆಂಚಿನ ಮೇಲೆ ಸಾಲಾಗಿ ಕೂರುತ್ತಿದ್ದರು, ತಮಗೆ ಸಿಕ್ಕಿದ್ದು ತಮ್ಮದೇ ಹೌದೋ ಅಲ್ಲವೋ ಎಂದು ತೋರಿಸಿಕೊಳ್ಳಲಿಕ್ಕೆ. ಇವರು ನಂಬರು ನೋಡುತ್ತಿರಲಿಲ್ಲ. ಹಿಡಿಕೆ ಸವರಿ, "ಇದು ಹೆಬಳೆ ಮಾದೇವಂದೇ. ಹಂದಿ ಕಂಡು ಓಡ್ವಾಗ ಕಲ್ಲಿಗೆ ಬಡಿದ ಗುರ್ತು ಇಲ್ಲೇ ಅದೆ" ಅಂದರೆ ಬೆಂಚಿಗೆ ಬೆಂಚೇ ನಗುತ್ತಿತ್ತು.

ಒಂದು ವರ್ಷ ಭಟ್ಕಳದ ಜುಬೇದಾಬಾಯಿ ಒಂದು ಕಿಸೆ ಪಿಸ್ತೂಲು ತಂದು ಒಪ್ಪಿಸಿದರು. ಲೈಸೆನ್ಸ್ ಗಂಡನ ಹೆಸರಲ್ಲಿತ್ತು, ಅವರು ತೀರಿಕೊಂಡಿದ್ದರು, ಮನೆಯಲ್ಲಿ ಇಡುವ ಹಾಗಿಲ್ಲ. ಅಂಗೈಯೊಳಗೆ ಮುಚ್ಚಿಹೋಗುವಷ್ಟು ಸಣ್ಣದು. ಅದನ್ನು ಮಾಡಿದ ವಿಲಾಯತಿ ಕಂಪನಿ ಮುಚ್ಚಿ ಎಷ್ಟು ಕಾಲವಾಯಿತೋ. ಹಿಡಿಕೆಯ ಒಂದು ತಿರುಪು ಮೊಳೆ ಬಿದ್ದುಹೋಗಿತ್ತು. ಹಳೆಯ ಆಯುಧ ಕೂಡಿಡುವ ಹುಬ್ಬಳ್ಳಿಯವರೊಬ್ಬರು ಬಂದು ನೋಡಿ, "ಅದರದ್ದೇ ತಿರುಪು ಸಿಕ್ಕಿದರೆ ಒಳ್ಳೇ ಬೆಲೆ ಕೊಡುತ್ತೇನೆ" ಎಂದು ಹೋದರು. ಆ ಹಣದಲ್ಲಿ ನಾಲ್ಕು ಹೊಲಿಗೆ ಮಷೀನು ಹಾಕಿ ಅಂಗಡಿ ಶುರುಮಾಡಬೇಕೆಂದು ಜುಬೇದಾಬಾಯಿ ಕೋಣೆಯನ್ನೂ ನೋಡಿಟ್ಟಿದ್ದರು.

"ಅರ್ಧ ತಾಸಿನ ಕೆಲಸ. ನಾ ಮಾಡ್ಕೊಡ್ತೆ" ಎಂದೆ.

"ಬ್ಯಾಡ ತಮಾ. ನೀ ಮಾಡೂದು ನಿನ್ನ ತಿರುಪು. ಇದ್ಕೆ ಬೇಕಾದ್ದು ಇದ್ರ ತಿರುಪು."

"ಎರಡೂ ಕಬ್ಬಿಣವೇ ಅಲ್ದಾ? ಎಂತ ಫರಕು?"

"ಇನ್ನೊಂದು ಕನ್ನಡ್ಕ ಹಾಕ್ಕೊ, ಕಾಣ್ತದೆ."

ನನಗೆ ಕಾಣಲಿಲ್ಲ. ನನ್ನ ಕಸುಬಿನಲ್ಲಿ ಹೊಸ ತುಂಡು ಹಾಕಿದರೆ ಎಂಜಿನ್ನಿನ ಬೆಲೆ ಏರುತ್ತದೆ. ಇವರ ಲೆಕ್ಕದಲ್ಲಿ ಹೊಸದು ಹಾಕಿದರೆ ಇಳಿಯುತ್ತದೆ, ಸವೆದದ್ದು ಹಾಕಿದರೆ ಏರುತ್ತದೆ! ಆಚಾರಿಯವರು ತಿರುಪಿನ ಚಿತ್ರ ಬರೆದು ಬೆಳಗಾವಿ, ಗೋವೆ, ಹೈದರಾಬಾದಿನ ಹಳೇ ಕಸುಬುದಾರರಿಗೆಲ್ಲ ಕಾಗದ ಹಾಕುತ್ತ ಒಂದೂವರೆ ವರ್ಷ ಕಳೆದರು. ಕೇಳಿದರೆ, "ಇಂಥದ್ರ ಬೆಲೆ ಅಂದ್ರೆ ಎಂತ? ಎಷ್ಟು ಜನ ಕೈ ಹಾಕ್ಲಿಲ್ಲ ಅನ್ನೂದು" ಎನ್ನುತ್ತಿದ್ದರು.

ಆಯುಧಪೂಜೆಯ ದಿನ ಅವರ ಅಂಗಡಿ ತೊಳೆಯಲು ಕುಮಟೆಗೆ ಹೋಗಿದ್ದೆ. ಅವರು ಅಡಿಕೆ ಸಿಂಗಾರದ ಹೂವು ತರಲು ಪೇಟೆಗೆ ಹೊರಟರು. ಹಲಗೆಯ ಮೇಲೆ ಕೆಂಪು ಬಟ್ಟೆ, ಅದರ ಮೇಲೆ ಅರ, ಸುತ್ತಿಗೆ, ಕೋವಿಗಳು, ಕೊನೆಗೆ ಆ ಪಿಸ್ತೂಲು. ಕಪ್ಪೋ ಕಂದೋ ಎಂದು ಹೇಳಲಾಗದ ಬಣ್ಣ, ಅಲ್ಲಲ್ಲಿ ಕಲೆ. ಪೂಜೆಯ ದಿನ ತುಕ್ಕು ಹಿಡಿದದ್ದನ್ನು ದೇವರ ಮುಂದೆ ಇಡುವುದುಂಟೇ? ಹೂವು ಸಿಗದೆ ಅವರಿಗೆ ತಡವಾಯಿತು. ಅಷ್ಟರಲ್ಲಿ ನಾನು ನಯ ಎಮರಿ ಕಾಗದ ಹಿಡಿದು ಉಜ್ಜಿದೆ. ಬೆಳ್ಳಿಯ ಹಾಗೆ ಹೊಳೆಯಿತು.

ಆಚಾರಿಯವರು ಹೂವು ಹಿಡಿದು ಬಾಗಿಲಲ್ಲೇ ನಿಂತರು. ಮೇಲಿನ ಕನ್ನಡಕ ತೆಗೆದರು. ಆಮೇಲೆ ಕೆಳಗಿನದನ್ನೂ ತೆಗೆದರು.

"ಚಂದ ಆತು ಮಾರಾಯ" ಎಂದರು. ಪೂಜೆ ಮಾಡಿ, ಪ್ರಸಾದ ಮೊದಲು ನನಗೇ ಕೊಟ್ಟರು. ಹೊಗಳಿದರೆಂದೇ ತಿಳಿದು ಬಸ್ಸು ಹತ್ತಿದೆ.

ಅದೇ ವಾರ ಬೆಳಗಾವಿಯಿಂದ ಬೆಂಕಿಪೊಟ್ಟಣದಲ್ಲಿ ತಿರುಪು ಬಂತು. ಹುಬ್ಬಳ್ಳಿಯವರು ಬಂದರು, ಜುಬೇದಾಬಾಯಿಯೂ ಬಂದರು, ನಾನೂ ಇದ್ದೆ. ಹುಬ್ಬಳ್ಳಿಯವರು ಪಿಸ್ತೂಲನ್ನು ಬೆಳಕಿಗೆ ಹಿಡಿದು, "ಕಂಪನಿ ಹಾಕಿದ ಕಪ್ಪು ಪೂರ್ತಿ ಹೋಗಿದೆಯಲ್ಲ. ಅಕ್ಷರವೂ ಸವೆದಿದೆ. ಯಾರು ಉಜ್ಜಿದ್ದು?" ಎಂದರು.

ನಾನು ಬೆಂಕಿಪೊಟ್ಟಣ ತೆರೆದು ತಿರುಪು ನೋಡತೊಡಗಿದೆ.

"ನಾನೇ. ವಯಸ್ಸಾತು, ಕಣ್ಣು ಮೋಸ ಮಾಡ್ತು" ಎಂದರು ಆಚಾರಿಯವರು.

"ನಿಮ್ಮ ಕೈಗೆ ಕೊಟ್ಟಿದ್ದೇನೆ ಅಂತ ನಾನು ಫಿಕರ್ ಇಲ್ದೆ ಇದ್ದೆನಲ್ಲ ಆಚಾರ್‍ರೇ" ಎಂದು ಜುಬೇದಾಬಾಯಿ ಮೆಲ್ಲಗೆ ಹೇಳಿದರು. ಹೇಳುವಾಗ ನೋಡಿದ್ದು ನನ್ನನ್ನು.

ಬೆಲೆ ಕಾಲು ಪಾಲಿಗೆ ಇಳಿಯಿತು. ನಾಲ್ಕು ಮಷೀನಿನ ಜಾಗದಲ್ಲಿ ಒಂದು. "ಇನ್ನು ಯಾವ ತಿರುಪಾದರೂ ನಡೆಯುತ್ತದೆ" ಎಂದರು ಹುಬ್ಬಳ್ಳಿಯವರು. ಆಚಾರಿಯವರು ನನ್ನ ಕಡೆ ತಿರುಗಿ, "ಈಗ ನಿನ್ನದು ಮಾಡು ತಮಾ" ಎಂದರು. ಮಾಡಿದೆ. ಕೂದಲೆಳೆ ಫರಕಿಲ್ಲದೆ ಕೂತಿತು. ನನ್ನ ಆಯುಷ್ಯದಲ್ಲೇ ಅಷ್ಟು ಚೊಕ್ಕ ಕೆಲಸ ಮಾಡಿದ್ದಿಲ್ಲ, ಅದನ್ನು ಯಾರಿಗೂ ತೋರಿಸಬೇಕೆನಿಸಲಿಲ್ಲ.

ಮುಂದಿನ ಚುನಾವಣೆ ಮುಗಿದಾಗ ಹೋದೆ. ಬೆಂಚು ಖಾಲಿ. ಆಚಾರಿಗೆ ಕಣ್ಣು ಹೋಯಿತಂತೆ ಎಂಬ ಸುದ್ದಿ ಊರೂರು ತಿರುಗಿ, ಕೋವಿಯವರೆಲ್ಲ ಠಾಣೆಯಿಂದ ಸೀದಾ ಮನೆಗೆ ಹೋಗಿದ್ದರು. ನಾನೊಬ್ಬನೇ ಕೂತೆ.

"ನನ್ನ ಹೆಸ್ರು ಯಾಕೆ ಹೇಳ್ಲಿಲ್ಲ?"

"ಬಾಗ್ಲು ತೆಗೆದಿಟ್ಟು ಹೋದವ ನಾನು. ನೀ ಉಜ್ಜಿದ್ದು ದೇವ್ರಿಗೆ ಅಲ್ದಾ?"

ಕ್ಷಮಿಸಿದರೋ ಚುಚ್ಚಿದರೋ, ಇಂದಿಗೂ ತಿಳಿದಿಲ್ಲ. ಬೆಂಕಿಪೊಟ್ಟಣವನ್ನು ನನ್ನ ಅಂಗಿ ಕಿಸೆಗೆ ಹಾಕಿ, "ಇದ್ಕೆ ಈಗ ಪಿಸ್ತೂಲಿಲ್ಲ. ನೀ ಇಟ್ಕೊ" ಎಂದರು. ಅದೇ ಕೊನೆಯ ಭೇಟಿ. ಎರಡು ತಿಂಗಳಿಗೆ ಸುದ್ದಿ ಬಂತು.

ಅವರ ಹನ್ನೆರಡನೇ ದಿನದ ಊಟ ಮುಗಿಸಿ ಭಟ್ಕಳಕ್ಕೆ ಹೋದೆ. ಜುಬೇದಾಬಾಯಿ ಒಂದೇ ಮಷೀನಿನ ಮುಂದೆ ಕೂತಿದ್ದರು. "ಉಜ್ಜಿದ್ದು ನಾನು" ಎಂದೆ.

"ಗೊತ್ತಿತ್ತು. ಅವ್ರು ಉಜ್ಜೋ ಪೈಕಿ ಅಲ್ಲ. ಅವ್ರು ಇರೋವಾಗ ಹೇಳ್ತೀರಿ ಅಂದ್ಕೊಂಡಿದ್ದೆ" ಎಂದು ಮತ್ತೆ ಮಷೀನು ತುಳಿದರು.

ಈಗ ನನ್ನ ಹತ್ತಿರ ಇರುವುದು ಎರಡು ಲೇತ್, ಒಂದು ಡ್ರಿಲ್ ಮಷೀನು, ಹದಿನಾಲ್ಕು ಅರ, ಒಂದೇ ಕನ್ನಡಕ, ಬೆಂಕಿಪೊಟ್ಟಣದಲ್ಲಿ ಒಂದು ತಿರುಪು.